ಕಂತು ತಪ್ಪಿರಲಿಲ್ಲ, ಆದರೂ ಎಫ್‌ಐಆರ್ ಆಯಿತು: ಕಲಬುರಗಿಯ ಒಂದು ಸಾಲದ ಅರ್ಜಿ

2025ರ ಜುಲೈನಲ್ಲಿ ಒಂದು ಸಂಜೆ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಬ್ಯಾಂಕಿನಿಂದ ಬಂದ ನಾಲ್ಕು ಪುಟದ ನೋಟಿಸ್ ಇತ್ತು. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ. ರೊಟ್ಟಿಯೇ ಅವರ ಕಸುಬು.

"ಸರ್, ಒಂದು ಕಂತೂ ತಪ್ಪಿಲ್ರಿ. ಒಂಬತ್ತಕ್ಕ ಒಂಬತ್ತೂ ಕಟ್ಟೀನಿ. ಮತ್ಯಾಕ ನನ್ನ ಖಾತೆ ಫ್ರಾಡ್ ಅಂತ ಬರದಾರ?"

ನಾನು ಬ್ಯಾಂಕಿನ ಫೀಲ್ಡ್ ಆಫೀಸರ್ ಆಗಿ ನಿವೃತ್ತನಾದವನು. ಕಾಗದ ಓದಿ ಅರ್ಥ ಹೇಳಿ ಅಂತ ಪರಿಚಯದವರು ಬರುತ್ತಾರೆ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಬಾಯಲ್ಲಿ ತುಂಬಾ ಸಲ ಕೇಳಿದ್ದೇನೆ. ಕಂತು ಸರಿಯಾಗಿ ಕಟ್ಟಿದರೆ ಅರ್ಜಿಯಲ್ಲಿ ಏನು ಬರೆದಿದ್ದರೂ ನಡೆಯುತ್ತದೆ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಆ ನಂಬಿಕೆ ಈ ಕುಟುಂಬಕ್ಕೆ ಎಷ್ಟು ದುಬಾರಿ ಆಯಿತು ಅಂತ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಅಂತ ಕೆಲವು ವಿವರ, ಮೊತ್ತ ಬದಲಿಸಿದ್ದೇನೆ. ಕಾನೂನಿನ ಮಾತು ಮಾತ್ರ ಇದ್ದದ್ದು ಇದ್ದ ಹಾಗೆ.

ಇವರ ಊರು ಚಿತ್ತಾಪುರ ತಾಲ್ಲೂಕಿನದು. 2022ರಲ್ಲಿ ತೊಗರಿಗೆ ನೆಟೆ ರೋಗ ಬಿತ್ತಲ್ಲ, ಆಗ ಇವರ ಹೊಲದಲ್ಲೂ ಹೂವು ಕಾಯಿ ಇದ್ದ ಗಿಡ ನಿಂತಲ್ಲೇ ಒಣಗಿತು. ಅಪ್ಪ ಮಾಡಿದ ಕೈಸಾಲ ಬಡ್ಡಿ ಸೇರಿ 2.2 ಲಕ್ಷಕ್ಕೆ ಬಂತು. ಮಗ ಹೆಂಡತಿ, ತಾಯಿ ಜೊತೆ ಕಲಬುರಗಿಗೆ ಬಂದು ರೊಟ್ಟಿ ವ್ಯಾಪಾರ ಶುರು ಮಾಡಿದ. ಖಾನಾವಳಿಗಳಿಂದ, ಮದುವೆ ಮನೆಗಳಿಂದ ಆರ್ಡರ್ ಬರುತ್ತಿತ್ತು. ಆದರೆ ಇಬ್ಬರು ಹೆಂಗಸರು ಕೈಯಲ್ಲಿ ಬಡಿದು ದಿನಕ್ಕೆ ಎಷ್ಟು ರೊಟ್ಟಿ ಮಾಡಬಹುದು? ಒಂದು ಮಷೀನ್ ಬೇಕು ಅನ್ನಿಸಿತು. ಅದು ಸರಿಯಾದ ಆಸೆಯೇ.

ಬ್ಯಾಂಕಿಗೆ ಅವನು ನೇರವಾಗಿ ಹೋಗಲಿಲ್ಲ. ಸೂಪರ್ ಮಾರ್ಕೆಟ್ ಹತ್ತಿರ ಚಹಾ ಅಂಗಡಿಯಲ್ಲಿ ಒಬ್ಬ ಏಜೆಂಟ್ ಸಿಕ್ಕ. "ಮುದ್ರಾ ಮಾಡಿಸಿ ಕೊಡ್ತೀನಿ. ಕಾಗದದ ಚಿಂತಿ ಬಿಡು, ನೀ ಸಹಿ ಹಾಕು ಸಾಕು" ಅಂದ.

ಅರ್ಜಿಯೊಳಗೆ ಇದ್ದದ್ದು

2024ರ ಆಗಸ್ಟ್‌ನಲ್ಲಿ ಅರ್ಜಿ ಹೋಯಿತು. ಸಣ್ಣ ವ್ಯಾಪಾರಕ್ಕೆ ಸಾಲ ಕೊಡಿಸುವ ಕೇಂದ್ರದ ಮುದ್ರಾ ಯೋಜನೆಯಲ್ಲಿ 5 ಲಕ್ಷದಿಂದ 10 ಲಕ್ಷದವರೆಗಿನ ಸಾಲಕ್ಕೆ ತರುಣ್ ಅನ್ನುತ್ತಾರೆ. ಜಾಮೀನಾಗಿ ಆಸ್ತಿ ಬೇಕಿಲ್ಲ. ಕೊಂಡ ಮಷೀನನ್ನೇ ಬ್ಯಾಂಕಿನ ಹೆಸರಿಗೆ ಅಡವು ಬರೆಸಿಕೊಳ್ಳುತ್ತಾರೆ. 8 ಲಕ್ಷದ ಹೊಸ ಮಷೀನ್, ಸ್ವಂತ ಹಣ 1.2 ಲಕ್ಷ, ಸಾಲ 6.8 ಲಕ್ಷ ಅಂತ ಅರ್ಜಿ. ಆ ಅರ್ಜಿಯ ಪ್ರತಿಯನ್ನು ನಮ್ಮ ಮನೆಯ ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ಸಾಲು ಓದಿದೆ.

"ಈಗಿರುವ ಸಾಲಗಳು" ಅನ್ನೋ ಕಡೆ "ಇಲ್ಲ" ಅಂತಿತ್ತು. ಇವನ ಹೆಸರಿನಲ್ಲಿ ಊರಿನ ಸೊಸೈಟಿಯಲ್ಲಿ 1.2 ಲಕ್ಷ ಬೆಳೆಸಾಲ ಇತ್ತು. ಸೊಸೈಟಿ ಸಾಲ ಬ್ಯಾಂಕುಗಳು ನೋಡುವ ಸಾಲದ ದಾಖಲೆ ಸಿಬಿಲ್‌ನಲ್ಲಿ ಕಾಣಲ್ಲ ಅಂತ ಏಜೆಂಟ್ ಧೈರ್ಯ ಹೇಳಿದ್ದ. ಆದರೆ ಹೊಲದ ಆದಾಯ ತೋರಿಸೋಕೆ ಅಂತ ಅದೇ ಅರ್ಜಿಗೆ ಪಹಣಿ ಲಗತ್ತಿಸಿದ್ದರು. ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿಯ ಬೋಜಾ, ಅಂದರೆ ಹೊಲದ ಮೇಲಿನ ಸಾಲದ ನಮೂದು, ಎದ್ದು ಕಾಣುತ್ತಿತ್ತು. ಸುಳ್ಳನ್ನೂ ಅದನ್ನು ಬಯಲು ಮಾಡುವ ಕಾಗದವನ್ನೂ ಒಂದೇ ಫೈಲಿನಲ್ಲಿ ಕೊಟ್ಟಿದ್ದರು.

ಎಂಟು ತಿಂಗಳ ಅಂಗಡಿಯನ್ನು ನಾಲ್ಕು ವರ್ಷದ್ದು ಅಂತ ಬರೆದಿದ್ದರು.

ಆದಾಯ ತೆರಿಗೆ ರಿಟರ್ನ್‌ನಲ್ಲಿ 4.9 ಲಕ್ಷ ಆದಾಯ. ನಿಜವಾದ ಗಳಿಕೆ 2 ಲಕ್ಷದ ಸುತ್ತ. ಆ ವರ್ಷ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ರಿಯಾಯಿತಿ ಕಳೆದು ತೆರಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಆದಾಯ ಉಬ್ಬಿಸಿದರೂ ಕೈಯಿಂದ ಒಂದು ರೂಪಾಯಿ ಹೋಗಲಿಲ್ಲ.

ಮತ್ತೊಂದು ಬ್ಯಾಂಕಿನ ಒಂದು ವರ್ಷದ ಸ್ಟೇಟ್‌ಮೆಂಟ್ ಇತ್ತು. ಇದನ್ನು ನೋಡಿ ನನಗೆ ನಿಜಕ್ಕೂ ಭಯ ಆಯಿತು. ಪಿಡಿಎಫ್ ತಿದ್ದಿದ್ದರು. ಒಂದು ಕಡೆ 38,000 ಜಮಾ ಆಗಿದೆ, ಬಾಕಿ ಮೊತ್ತ ಏರಿದ್ದು ಮಾತ್ರ 18,000. ಇನ್ನೊಂದು ಕಡೆ 2023ರ ಆಗಸ್ಟ್ 15ರಂದು ಶಾಖೆಯ ಕೌಂಟರಿನಲ್ಲಿ ನಗದು ಜಮಾ! ಸ್ವಾತಂತ್ರ್ಯ ದಿನ ಯಾವ ಶಾಖೆ ತೆರೆದಿರುತ್ತದೆ? "ನಾ ಬರೇ ಪಾಸ್‌ಬುಕ್ ಕೊಟ್ಟಿದ್ದೆರಿ, ಇದನ್ನ ನಾ ಕಣ್ಣೀಲೆ ನೋಡಿಲ್ಲ" ಅಂದ. ನಾನು ಅವನ ಮಾತು ನಂಬುತ್ತೇನೆ. ಆದರೆ ಪ್ರತಿ ಪುಟದ ಕೆಳಗೆ ಅವನ ಸಹಿ ಇತ್ತು.

ಕೊನೆಯದು ಮಷೀನಿನ ಬಿಲ್ಲು. ಹೊಸ ಮಷೀನ್, 8 ಲಕ್ಷ. ಅಂಗಡಿಗೆ ಬಂದದ್ದು ಹಳೆಯ ಮಷೀನ್, ಬೆಲೆ 3.1 ಲಕ್ಷ. ಸಾಲದ ಹಣ ಸಾಲಗಾರನ ಕೈಗೆ ಸಿಗಬಾರದು ಅಂತಲೇ ಬ್ಯಾಂಕು ನೇರವಾಗಿ ಡೀಲರ್ ಖಾತೆಗೆ ಹಾಕುತ್ತದೆ. ಇಲ್ಲಿ ಡೀಲರೇ ಏಜೆಂಟ್ ಜೊತೆ ಕೈ ಸೇರಿಸಿದ್ದ. ಸ್ವಂತ ಹಣ ಅಂತ ತೋರಿಸಿದ 1.2 ಲಕ್ಷ ಏಜೆಂಟನದೇ, ಎರಡು ದಿನದಲ್ಲಿ ಅವನಿಗೆ ವಾಪಸ್ ಹೋಯಿತು. ಉಳಿದ 6.8 ಲಕ್ಷದಲ್ಲಿ ಮಷೀನಿಗೆ 3.1, ಡೀಲರ್ ಹಿಡಿದುಕೊಂಡದ್ದು 50,000, ಏಜೆಂಟಿಗೆ 60,000. ಇವನ ಕೈಗೆ ನಗದಾಗಿ ಬಂದದ್ದು 2.6 ಲಕ್ಷ. ಅದರಲ್ಲಿ 2.2 ಲಕ್ಷ ಅದೇ ದಿನ ಅಪ್ಪನ ಕೈಸಾಲಕ್ಕೆ ಹೋಯಿತು.

ಅಂದರೆ 6.8 ಲಕ್ಷದ ಸಾಲ ಹೊತ್ತವನಿಗೆ ಮಷೀನು, ಹಣ ಸೇರಿ ದಕ್ಕಿದ್ದು 5.7 ಲಕ್ಷ. ಕಂತು ಮಾತ್ರ ಪೂರ್ತಿ ಮೊತ್ತಕ್ಕೆ, ತಿಂಗಳಿಗೆ ಸುಮಾರು 14,800.

ಸಿಕ್ಕಿಬಿದ್ದದ್ದು

ಶಾಖೆಗೆ ಹೊಸ ಮ್ಯಾನೇಜರ್ ಬಂದರು. ಆಡಿಟ್ ಹೊತ್ತಿನಲ್ಲಿ ಒಂದೇ ಡೀಲರ್‌ನ ಕೊಟೇಶನ್ ಹಲವು ಸಾಲಗಳಲ್ಲಿ ಕಂಡಿತು. ಆ ಜಿಎಸ್‌ಟಿ ನಂಬರನ್ನು ಪೋರ್ಟಲ್‌ನಲ್ಲಿ ಹಾಕಿ ನೋಡಿದರೆ ಬಿಲ್ಲಿನ ತಾರೀಖಿಗೂ ಮುಂಚೆಯೇ ರದ್ದಾಗಿತ್ತು. ಅಂಗಡಿಗೆ ಬಂದು ಮಷೀನಿನ ತಗಡಿನ ಫಲಕ ನೋಡಿದರು. ತಯಾರಾದ ವರ್ಷ 2019.

ಇಲ್ಲಿ ನನ್ನ ಹೊಟ್ಟೆಯೊಳಗಿನ ಮಾತು ಹೇಳಲೇಬೇಕು. ಸಾಲ ಕೊಡುವ ಮುಂಚೆ ಸ್ಥಳ ನೋಡಿ ಬರುವುದು ಫೀಲ್ಡ್ ಆಫೀಸರ್ ಕೆಲಸ. ಆ ಫೈಲಿನಲ್ಲಿ "ಸ್ಥಳ ಪರಿಶೀಲಿಸಿದೆ" ಅಂತ ಸಹಿ ಇದೆ. ಅಂಗಡಿಗೆ ಯಾರೂ ಬಂದೇ ಇರಲಿಲ್ಲ ಅಂತ ಇವರು ಹೇಳುತ್ತಾರೆ. ಬಂದಿದ್ದರೆ ಎಂಟು ತಿಂಗಳ ಅಂಗಡಿ ಯಾವುದು, ನಾಲ್ಕು ವರ್ಷದ್ದು ಯಾವುದು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಪಹಣಿಯ 11ನೇ ಕಾಲಂ ಓದೋಕೆ ಒಂದು ನಿಮಿಷ ಸಾಕು. ನಾನು ಮಾಡಿದ ಕೆಲಸ ಅದು. ಅದನ್ನು ಮಾಡದೇ ಸಹಿ ಹಾಕಿದ್ದು ನೋಡಿ ನನಗೆ ತಡೆಯಲಾರದ ಸಿಟ್ಟು ಬಂತು. ಒಬ್ಬರು ನೆಟ್ಟಗೆ ನೋಡಿದ್ದರೆ ಅರ್ಜಿ ತಿರಸ್ಕಾರ ಆಗುತ್ತಿತ್ತು, ಕ್ರಿಮಿನಲ್ ಕೇಸ್ ಆಗುತ್ತಿರಲಿಲ್ಲ.

ಎಲ್ಲಾ ಸುಳ್ಳೂ ಒಂದೇ ಅಲ್ಲ

ಕಾನೂನು ಈ ಸುಳ್ಳುಗಳನ್ನು ಒಂದೇ ತಕ್ಕಡಿಯಲ್ಲಿ ಹಾಕುವುದಿಲ್ಲ. ಇದು ಗೊತ್ತಿಲ್ಲದೆ ಕೆಲವರು ಸುಮ್ನೆ ಹೆದರುತ್ತಾರೆ, ಕೆಲವರು ಸುಮ್ನೆ ಧೈರ್ಯವಾಗಿರುತ್ತಾರೆ.

ಅರ್ಜಿ ಹೋದದ್ದು 2024ರ ಜುಲೈ 1ರ ನಂತರ. ಹಾಗಾಗಿ ಭಾರತೀಯ ದಂಡ ಸಂಹಿತೆ ಅಲ್ಲ, ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಹಳೇ 420 ಈಗ 318(4). ಮೋಸ ಮಾಡಿ ಹಣ ಅಥವಾ ಆಸ್ತಿ ಪಡೆದರೆ 7 ವರ್ಷದವರೆಗೆ ಜೈಲು ಮತ್ತು ದಂಡ. ಸಾಲ ಮುಚ್ಚಿಟ್ಟದ್ದು, ಅಂಗಡಿಯ ವಯಸ್ಸು ಹೆಚ್ಚಿಸಿದ್ದು, ಆದಾಯ ಉಬ್ಬಿಸಿದ್ದು, ಬಿಲ್ಲಿನ ಆಟ, ಎಲ್ಲವೂ ಈ ಕಲಮಿನ ಕೆಳಗೆ ಬರುತ್ತವೆ. ಬ್ಯಾಂಕು ಆ ಮಾತು ನಂಬಿಯೇ ಸಾಲ ಕೊಟ್ಟಿತು ಅಂತ ತೋರಿಸಬೇಕು. ಮೋಸದ ಉದ್ದೇಶ ಮೊದಲಿನಿಂದಲೇ ಇತ್ತು ಅಂತಲೂ ಸಾಬೀತಾಗಬೇಕು. 2000ದಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಆಮೇಲೆ ಸಾಲ ಕಟ್ಟಲಾಗದೆ ಹೋದರೆ ಅಷ್ಟಕ್ಕೇ ಅದು ಮೋಸ ಆಗುವುದಿಲ್ಲ, ಅದು ಸಿವಿಲ್ ವ್ಯಾಜ್ಯ.

ಇವನ ಒಂಬತ್ತು ಕಂತಿಗೆ ಬೆಲೆ ಬರುವುದು ಇಲ್ಲಿಯೇ. ಸಾಲ ತೀರಿಸುವ ಮನಸ್ಸಿತ್ತು, ಮಷೀನ್ ಇದೆ, ವ್ಯಾಪಾರ ನಡೆಯುತ್ತಿದೆ ಅಂತ ವಕೀಲರು ವಾದಿಸಬಹುದು. ಆ ವಾದಕ್ಕೆ ತೂಕ ಇದೆ.

ಸ್ಟೇಟ್‌ಮೆಂಟ್ ವಿಷಯಕ್ಕೆ ಬಂದರೆ ಆ ತೂಕ ಕಡಿಮೆ. ಅದು ಫೋರ್ಜರಿ. ನಮ್ಮದೇ ಹೆಸರಿನಲ್ಲಿ, ನಮ್ಮದೇ ಸಹಿಯಲ್ಲಿ ಸುಳ್ಳು ಬರೆದರೆ ಅದು ಸುಳ್ಳು ಹೇಳಿಕೆ. ಇನ್ನೊಬ್ಬರು ಕೊಟ್ಟದ್ದು ಅನ್ನುವ ಹಾಗೆ ಕಾಗದ ಸೃಷ್ಟಿಸಿದರೆ, ಇಲ್ಲವೇ ಅವರು ಕೊಟ್ಟ ಕಾಗದ ತಿದ್ದಿದರೆ, ಅದು ಫೋರ್ಜರಿ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2009ರ ಮೊಹಮ್ಮದ್ ಇಬ್ರಾಹಿಂ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಇವನ ರಿಟರ್ನ್ ಸುಳ್ಳು ಆದಾಯದ ನಿಜವಾದ ರಿಟರ್ನ್. ಸ್ಟೇಟ್‌ಮೆಂಟ್ ಮಾತ್ರ ಬ್ಯಾಂಕು ಕೊಟ್ಟೇ ಇರದ ಅಂಕಿಗಳ ಕಾಗದ. ಮೋಸಕ್ಕಾಗಿ ಫೋರ್ಜರಿ ಮಾಡಿದರೆ 336(3), 7 ವರ್ಷದವರೆಗೆ. ಅದನ್ನು ತಾನು ತಯಾರಿಸದಿದ್ದರೂ ನಕಲಿ ಅಂತ ತಿಳಿದು, ಇಲ್ಲವೇ ಹಾಗೆ ನಂಬಲು ಕಾರಣ ಇದ್ದೂ, ಬಳಸಿದರೆ 340(2), ಅದೇ ಶಿಕ್ಷೆ. ಇವನಿಗೆ ತಿಳಿದಿತ್ತೋ, ತಿಳಿಯಲು ಕಾರಣ ಇತ್ತೋ ಅನ್ನುವುದರ ಮೇಲೆ ಈ ಆರೋಪ ನಿಂತಿದೆ. ಪ್ರತಿ ಪುಟದ ಆ ಸಹಿ ಇವನ ವಿರುದ್ಧ ಮಾತಾಡುತ್ತದೆ.

ಕ್ರಯಪತ್ರದಂಥ ಹಕ್ಕಿನ ಕಾಗದವನ್ನೇ ಫೋರ್ಜರಿ ಮಾಡಿದ್ದರೆ 338 ಬರುತ್ತಿತ್ತು. ಅದಕ್ಕೆ 10 ವರ್ಷದವರೆಗೆ, ಇಲ್ಲವೇ ಜೀವಾವಧಿ. ಸದ್ಯ ಇಲ್ಲಿ ಹಾಗಾಗಿರಲಿಲ್ಲ.

ಹೆಂಡತಿ ಜಾಮೀನುದಾರಳಾಗಿ ಸಹಿ ಹಾಕಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳಿಗೆ ಎರಡು ಮಾತು ಬಿಡಿಸಿ ಹೇಳಿದೆ. ಹಣದ ವಿಷಯದಲ್ಲಿ ಜಾಮೀನುದಾರರ ಹೊಣೆ ಸಾಲಗಾರನಷ್ಟೇ, 1872ರ ಕರಾರು ಕಾಯ್ದೆಯ 128ನೇ ಕಲಂ ಹಾಗೆ ಹೇಳುತ್ತದೆ. ಆದರೆ ಕ್ರಿಮಿನಲ್ ಹೊಣೆ ಹಾಗೆ ತಾನಾಗಿ ಅಂಟುವುದಿಲ್ಲ. ಸುಳ್ಳು ಅವಳಿಗೆ ಗೊತ್ತಿದ್ದು ಸೇರಿಕೊಂಡಿದ್ದಳು ಅಂತ ತೋರಿಸಬೇಕು. ಅವಳು ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ನೋಟಿಸಿಗೆ ಉತ್ತರ

ಅವರು ತಂದದ್ದು ಶೋಕಾಸ್ ನೋಟಿಸ್, ಅಂದರೆ ಖಾತೆಯನ್ನು ಯಾಕೆ ಫ್ರಾಡ್ ಅನ್ನಬಾರದು ಅಂತ ಉತ್ತರ ಕೇಳುವ ಕಾಗದ. ಇದು ಬ್ಯಾಂಕು ಮಾಡಿದ ಉಪಕಾರ ಅಲ್ಲ, ಸಾಲಗಾರನ ಹಕ್ಕು. 2023ರ ಮಾರ್ಚ್‌ನಲ್ಲಿ ರಾಜೇಶ್ ಅಗರ್‌ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಖಾತೆಯನ್ನು ಫ್ರಾಡ್ ಅನ್ನುವ ಮುಂಚೆ ಸಾಲಗಾರನ ಮಾತು ಕೇಳಲೇಬೇಕು ಅಂದಿತು. ಆಮೇಲೆ ರಿಸರ್ವ್ ಬ್ಯಾಂಕ್ 2024ರ ಜುಲೈ 15ರಂದು ಹೊರಡಿಸಿದ ನಿರ್ದೇಶನದಲ್ಲಿ ಉತ್ತರಕ್ಕೆ ಕನಿಷ್ಠ 21 ದಿನ ಕೊಡಬೇಕು ಅಂತ ಸೇರಿಸಿತು. ಬ್ಯಾಂಕಿನ ತೀರ್ಮಾನಕ್ಕೆ ಕಾರಣವನ್ನೂ ಬರೆದು ಕೊಡಬೇಕು.

ನಮ್ಮ ಮನೆಗೆ ಬಂದಾಗ ಅದರಲ್ಲಿ ಒಂಬತ್ತು ದಿನ ಕಳೆದುಹೋಗಿತ್ತು. ಏಜೆಂಟ್ ಫೋನಿನಲ್ಲಿ ಒಂದು ಉತ್ತರ ಹೇಳಿಕೊಟ್ಟಿದ್ದ: "ಹೊಸ ಮಷೀನ್ ಕಳುವಾಗೇತಿ, ಅದಕ್ಕ ಹಳೇದು ಇಟ್ಟೀವಿ ಅಂತ ಬರಿ." ಇವನು ಅದನ್ನು ಹಾಳೆಯಲ್ಲಿ ಬರೆದೂ ತಂದಿದ್ದ. ಅದನ್ನು ಕೊಟ್ಟರೆ ಇನ್ನೊಂದು ಸುಳ್ಳು, ಈ ಸಲ ತನ್ನದೇ ಕೈಬರಹದಲ್ಲಿ. ಹಾಗೆ ಮಾಡಬೇಡಪ್ಪಾ ಅಂತ ಕೈ ಹಿಡಿದು ಹೇಳಿದೆ.

ಹಾಗಂತ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಬರೆದುಕೊಡು ಅಂತಲೂ ನಾನು ಹೇಳಲಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಬ್ಯಾಂಕಿಗೆ ಬರೆದುಕೊಟ್ಟ ಕಾಗದಕ್ಕೆ ಆ ರಕ್ಷಣೆ ಇಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಅಂತ ಸಂವಿಧಾನದ 20(3) ಹೇಳುತ್ತದೆ. ಏನು ಬರೆಯಬೇಕು, ಎಷ್ಟು ಬರೆಯಬೇಕು ಅನ್ನುವುದು ನನ್ನಂಥ ನಿವೃತ್ತನ ಕೆಲಸ ಅಲ್ಲ, ವಕೀಲರ ಕೆಲಸ. ಮರುದಿನವೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳಿಸಿದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ವಕೀಲರು ಬರೆದ ಉತ್ತರ ಎರಡೇ ಪುಟ. ಸುಳ್ಳು ಒಂದೂ ಇರಲಿಲ್ಲ. ಮಷೀನ್ ಎಲ್ಲಿದೆ, ಕಟ್ಟಿದ್ದೆಷ್ಟು, ಏಜೆಂಟಿಗೆ ಫೋನ್‌ಪೇಯಲ್ಲಿ ಹೋದ ಹಣದ ದಾಖಲೆ, ಪಹಣಿಯನ್ನು ತಾವೇ ಕೊಟ್ಟದ್ದು, ಸ್ಥಳ ಪರಿಶೀಲನೆ ಆಗದಿರುವುದು. ಕೊನೆಗೆ ಪೂರ್ತಿ ಬಾಕಿ ತೀರಿಸಲು ಸಮಯ ಕೇಳಿದ ಸಾಲು. ಏಜೆಂಟಿಗೆ ಹೋದ 60,000ದಲ್ಲಿ 25,000 ಫೋನ್‌ಪೇಯಲ್ಲಿ ಹೋಗಿತ್ತು. ಪೂರ್ತಿ ನಗದು ಕೊಟ್ಟಿದ್ದರೆ ಏಜೆಂಟ್ ಅನ್ನುವವನು ಇದ್ದ ಅಂತ ತೋರಿಸೋದೇ ಕಷ್ಟ ಆಗುತ್ತಿತ್ತು.

ಆಮೇಲೆ ಆದದ್ದು

ಬ್ಯಾಂಕು ಖಾತೆಯನ್ನು ಫ್ರಾಡ್ ಅಂತಲೇ ತೀರ್ಮಾನಿಸಿತು. ಪೂರ್ತಿ ಸಾಲ ಒಮ್ಮೆಗೇ ಕಟ್ಟಿ ಅಂತ ಪತ್ರ ಬಂತು. ಕಂತು ತಪ್ಪದಿದ್ದರೂ ಹೀಗೆ ಕೇಳಬಹುದಾ? ಕೇಳಬಹುದು. ಮೋಸದಿಂದ ಒಪ್ಪಿಗೆ ಪಡೆದ ಕರಾರನ್ನು ಮೋಸ ಹೋದವರು ಬೇಡ ಅನ್ನಬಹುದು ಅಂತ ಕರಾರು ಕಾಯ್ದೆಯ 19ನೇ ಕಲಂ ಇದೆ. ಸಾಲದ ಪತ್ರದಲ್ಲೂ ಆ ಷರತ್ತು ಅಚ್ಚಾಗಿರುತ್ತದೆ. ಒಂಬತ್ತು ಕಂತಿನಲ್ಲಿ 1.33 ಲಕ್ಷ ಕಟ್ಟಿದ್ದರೂ ಅದರಲ್ಲಿ ಸುಮಾರು 53,000 ಬಡ್ಡಿಗೇ ಹೋಗಿ ಅಸಲು 6 ಲಕ್ಷ ಹಾಗೇ ಉಳಿದಿತ್ತು.

ಜೊತೆಗೆ ಪೊಲೀಸ್ ದೂರು. ಎಫ್‌ಐಆರ್‌ನಲ್ಲಿ ಡೀಲರ್ ಮೊದಲನೇ ಆರೋಪಿ, ಏಜೆಂಟ್ ಎರಡನೇ, ಇವನು ಮೂರನೇ. ಹೆಂಡತಿಯ ಹೆಸರು ಬರಲಿಲ್ಲ. ಫ್ರಾಡ್ ಅಂತ ಬ್ಯಾಂಕು ಹೇಳಿದ ಮಾತ್ರಕ್ಕೆ ಅಪರಾಧ ಸಾಬೀತಾದ ಹಾಗಲ್ಲ ಅಂತ ಇವನಿಗೆ ಎಷ್ಟು ಸಲ ಹೇಳಿದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇಲ್ಲಿ ಅರ್ನೇಶ್ ಕುಮಾರ್ ತೀರ್ಪು ಕೈ ಹಿಡಿಯಿತು. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಅಗತ್ಯ ಇಲ್ಲದೆ ಬಂಧಿಸಬಾರದು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬದಲಿಗೆ ಹಾಜರಾಗಲು ನೋಟಿಸ್ ಕೊಡುತ್ತಾರೆ. ಈಗ ಅದು ಪೊಲೀಸರ, ಕೋರ್ಟಿನ ವಿಧಾನ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 35(3). ನೋಟಿಸ್ ಬಂದ ದಿನವೇ ಠಾಣೆಗೆ ಹೋದ, ಕೇಳಿದ ಕಾಗದ ಕೊಟ್ಟ. ಅದೇ ಸಂಹಿತೆಯ 482ರ ಕೆಳಗೆ ಸೆಷನ್ಸ್ ಕೋರ್ಟಿನಿಂದ ನಿರೀಕ್ಷಣಾ ಜಾಮೀನೂ ಸಿಕ್ಕಿತು.

ಹಣಕ್ಕೆ ಅಪ್ಪ ಹೊಲ ಮಾರಿದರು. ಬೋಜಾ ಇಳಿಸದೆ ಹೊಲ ಕೊಳ್ಳುವವರು ಯಾರು? ಅರ್ಜಿಯಲ್ಲಿ "ಇಲ್ಲ" ಅಂತ ಬರೆದಿದ್ದ ಅದೇ ಸೊಸೈಟಿ ಸಾಲವನ್ನು ಮೊದಲು ತೀರಿಸಬೇಕಾಯಿತು. ಕೊಳ್ಳುವವರಿಂದ ಮುಂಗಡ ಪಡೆದು 1.2 ಲಕ್ಷ ಕಟ್ಟಿ, ಪಹಣಿಯಿಂದ ಬೋಜಾ ತೆಗೆಸಿ, ಒಂದೂವರೆ ಎಕರೆ ಕೊಟ್ಟರು. ನೋಂದಣಿ ಕಚೇರಿಯಿಂದ ಹೊರಗೆ ಬಂದ ಮುದುಕರು ಒಂದು ಮಾತೂ ಆಡಲಿಲ್ಲ. 2026ರ ಜನವರಿಯಲ್ಲಿ ಬ್ಯಾಂಕಿನ ಸಾಲ ಪೂರ್ತಿ ಮುಟ್ಟಿತು.

ಇನ್ನು ಕೇಸ್ ಮುಗಿಯಿತಲ್ಲ ಅಂತ ಅವನು ಕೇಳಿದ. ಮುಗಿಯಲಿಲ್ಲ. ಮೋಸದ ಆರೋಪವನ್ನು ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. ಫೋರ್ಜರಿ ಆರೋಪಕ್ಕೆ ಆ ದಾರಿ ಇಲ್ಲ. ಅದನ್ನು ರದ್ದು ಮಾಡಿಸಬೇಕಾದರೆ ನಾಗರಿಕ ಸುರಕ್ಷಾ ಸಂಹಿತೆಯ 528ರ ಕೆಳಗೆ ಹೈಕೋರ್ಟಿಗೆ ಹೋಗಬೇಕು. 2012ರ ಜ್ಞಾನ್ ಸಿಂಗ್ ತೀರ್ಪಿನಂತೆ ರಾಜಿಯಾದ ಪ್ರಕರಣವನ್ನು ರದ್ದು ಮಾಡುವ ಅಧಿಕಾರ ಹೈಕೋರ್ಟಿಗೆ ಇದೆ. ಆದರೆ ಬ್ಯಾಂಕಿಗೆ ನಕಲಿ ಕಾಗದ ಕೊಟ್ಟ ಪ್ರಕರಣಗಳಲ್ಲಿ ಹಣ ಕಟ್ಟಿದ್ದರೂ ಸುಪ್ರೀಂ ಕೋರ್ಟ್ ಒಪ್ಪದೇ ಇದ್ದದ್ದೂ ಉಂಟು. 2013ರ ಜಗಜಿತ್ ಸಿಂಗ್, 2014ರ ಗೋಪಕುಮಾರ್ ನಾಯರ್ ಪ್ರಕರಣಗಳು ಹಾಗಿವೆ. ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇರುವುದರಿಂದ ಬೆಂಗಳೂರಿಗೆ ಅಲೆಯುವುದು ಒಂದು ತಪ್ಪಿದೆ.

ಇನ್ನೊಂದು ಏಟು ಯಾರಿಗೂ ಜಾಸ್ತಿ ಗೊತ್ತಿರಲ್ಲ. ಫ್ರಾಡ್ ಅಂತ ವರದಿಯಾದವರಿಗೆ, ಪೂರ್ತಿ ಹಣ ತೀರಿಸಿದ ದಿನದಿಂದ 5 ವರ್ಷ, ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಯಾವ ಸಂಸ್ಥೆಯೂ ಸಾಲ ಕೊಡುವ ಹಾಗಿಲ್ಲ. ಲೆಕ್ಕ ಶುರುವಾಗುವುದು ತೀರಿಸಿದ ದಿನದಿಂದ. ಇವನಿಗೆ ಅದು 2031ರ ಜನವರಿ. ಅಲ್ಲಿವರೆಗೆ ಬೈಕಿಗೂ ಸಾಲ ಇಲ್ಲ.

ನನ್ನನ್ನು ಇಂದಿಗೂ ಕಾಡುವ ವಿಷಯ ಬೇರೆ. ಇವನು 2024ರಲ್ಲಿ ನಿಜವನ್ನೇ ಬರೆದಿದ್ದರೆ ಏನಾಗುತ್ತಿತ್ತು? 2 ಲಕ್ಷ ಆದಾಯ, ಎಂಟು ತಿಂಗಳ ಅಂಗಡಿ, ಸಮಯಕ್ಕೆ ಕಟ್ಟುತ್ತಿದ್ದ ಸೊಸೈಟಿ ಸಾಲ, ಖಾನಾವಳಿಗಳ ಆರ್ಡರ್. 6.8 ಲಕ್ಷ ಸಿಗುತ್ತಿರಲಿಲ್ಲ. ಆದರೆ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಇತ್ತು. ಸಾಲಕ್ಕೆ ಜೋಡಿಸಿದ ಶೇ 35 ಸಬ್ಸಿಡಿ, ಮೇಲೆ ರಾಜ್ಯ ಸರ್ಕಾರದ ಶೇ 15. ರೊಟ್ಟಿ ಘಟಕ ಅದರೊಳಗೆ ಬರುತ್ತಿತ್ತು. ಯೋಜನಾ ವರದಿ ಬರೆದುಕೊಡಲು ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳಿದ್ದರು. 4 ಲಕ್ಷದ ಒಂದು ಸಣ್ಣ ಹೊಸ ಮಷೀನಿಗೆ ನಾನೇ ಆಗಿದ್ದರೆ ಶಿಫಾರಸು ಬರೆಯುತ್ತಿದ್ದೆ. ಇಷ್ಟು ವರ್ಷ ಫೈಲ್ ನೋಡಿದ ಅನುಭವದಿಂದ ಹೇಳುತ್ತಿದ್ದೇನೆ. ಅಪ್ಪನ ಕೈಸಾಲ ಮಾತ್ರ ಹಾಗೇ ಉಳಿಯುತ್ತಿತ್ತು, ಅದು ನಿಜ. ಇವನನ್ನು ಏಜೆಂಟನ ಹತ್ತಿರ ತಳ್ಳಿದ್ದು ಆ ಬಡ್ಡಿಯೇ.

ಚಾರ್ಜ್‌ಶೀಟ್ ಇನ್ನೂ ಬಂದಿಲ್ಲ. ಏಜೆಂಟ್ ಊರು ಬಿಟ್ಟಿದ್ದಾನೆ. ಅಡವು ಇಳಿದ ಹಳೇ ಮಷೀನ್ ನಸುಕಿನಲ್ಲಿ ಈಗಲೂ ಓಡುತ್ತದೆ, ಅದರ ಮುಂದೆ ತಾಯಿ ಕೂತಿರುತ್ತಾರೆ. ಮೊನ್ನೆ ಹೆಂಡತಿ ಒಬ್ಬಳೇ ಬಂದಿದ್ದಳು. ಸ್ವಸಹಾಯ ಸಂಘದಿಂದ 50,000 ಸಾಲಕ್ಕೆ ಅರ್ಜಿ ತುಂಬುತ್ತಿದ್ದಾಳೆ. ಗಂಡನ ಸಾಲಕ್ಕೆ ಜಾಮೀನು ಹಾಕಿ ಅದು ತೀರಿದ್ದನ್ನೂ ಬರೀಬೇಕಾ ಅಂತ ಕೇಳಿದಳು. ಆ ಕಾಲಂ ಚಿಕ್ಕದಿತ್ತು. ಹಿಂದಿನ ಪುಟದಲ್ಲಿ ಪೂರ್ತಿ ಬರೆದು, ಬಾಕಿ ಇಲ್ಲ ಅಂತ ಬ್ಯಾಂಕು ಕೊಟ್ಟ ಪತ್ರದ ಜೆರಾಕ್ಸ್ ಹಚ್ಚಿಕೊಂಡು ಹೋದಳು.